ಸುರಕ್ಷತೆ ಕಡೆಗಣಿಸಿ ಕಾರ್ಮಿಕ ಸತ್ತರೆ ಮಾಲೀಕರಿಗೆ ಕಡ್ಡಾಯ ಜೈಲು ಬೇಕೇ?

ನಟ್ಟುಬೋಲ್ಟು

ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಾಗಿನಿಂದ ಎಲ್ಲರ ಬಾಯಲ್ಲೂ ಗ್ರಾಚ್ಯುಟಿ ಮತ್ತು ಕೈಗೆ ಸಿಗುವ ಸಂಬಳದ್ದೇ ಮಾತು. ಸುರಕ್ಷತೆಯ ಸಂಹಿತೆಯನ್ನು ತೆರೆದು ನೋಡಿದವರು ಕಡಿಮೆ. ಕರ್ತವ್ಯ ಪಾಲಿಸದೆ ಅಪಘಾತವಾಗಿ ಕಾರ್ಮಿಕ ಸತ್ತರೆ ಅದರಲ್ಲಿರುವ ಶಿಕ್ಷೆ ಏನು ಗೊತ್ತೇ? ಎರಡು ವರ್ಷದವರೆಗೆ ಜೈಲು, ಇಲ್ಲವೇ ಐದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ. ಸಾಯದೆ ತೀವ್ರವಾಗಿ ಗಾಯಗೊಂಡರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಎರಡರಿಂದ ನಾಲ್ಕು ಲಕ್ಷ ದಂಡ, ಇಲ್ಲವೇ ಎರಡೂ.

1948ರ ಕಾರ್ಖಾನೆ ಕಾಯ್ದೆಯಲ್ಲಿ ಸಾವಿಗೆ ಕನಿಷ್ಠ ದಂಡ 25,000 ರೂಪಾಯಿ ಇತ್ತು. ಇಪ್ಪತ್ತು ಪಟ್ಟು ಏರಿದೆ ಎಂದು ಬೀಗಬಹುದು. ಆದರೆ ಜೈಲು ಅಂದೂ ಎರಡು ವರ್ಷ, ಇಂದೂ ಎರಡೇ ವರ್ಷ. ಕನಿಷ್ಠ ಅವಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಐದು ಲಕ್ಷ ಎಂದರೆ ದೊಡ್ಡ ಕಂಪನಿಗೆ ವಾರ್ಷಿಕೋತ್ಸವದ ದಿನದ ಶಾಮಿಯಾನ ಮತ್ತು ಹೂವಿನ ಖರ್ಚು.

ನನ್ನ ವಾದ ಇಷ್ಟೇ. ಅಪಾಯ ಗೊತ್ತಿದ್ದೂ ಕಡೆಗಣಿಸಿ ಜೀವ ಹೋದರೆ ಕನಿಷ್ಠ ಒಂದು ವರ್ಷ ಜೈಲು ಕಡ್ಡಾಯವಾಗಬೇಕು. ದಂಡ ಕಟ್ಟಿ ಮನೆಗೆ ಹೋಗುವ ದಾರಿ ಮುಚ್ಚಬೇಕು. ದಕ್ಷಿಣ ಕೊರಿಯಾ 2022ರಲ್ಲಿ ಹಾಗೆಯೇ ಮಾಡಿತು. ನಮಗೇನು ಅಡ್ಡಿ?

ಬೆಳ್ಳಕ್ಕಿ

ಮಾಡಬೇಕು. ಇದರಲ್ಲಿ ಚರ್ಚಿಸುವುದಕ್ಕೆ ಏನಿದೆ?

ಶೆಡ್ ನಂಬರ್ ಒಂಬತ್ತು

ಚರ್ಚಿಸುವುದಕ್ಕೆ ಬೇಕಾದಷ್ಟಿದೆ ಸ್ವಾಮಿ. ನಾನು ಹದಿನೆಂಟು ಜನರ ಶೆಡ್ ನಡೆಸುವವನು. ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುತ್ತೇನೆ. ನನ್ನಲ್ಲಿ ಅಪಘಾತವಾದರೆ ಪೊಲೀಸರಿಗೆ ಹುಡುಕಾಟವೇ ಬೇಡ. ಮಾಲೀಕ ನಾನೇ, ಮ್ಯಾನೇಜರ್ ನಾನೇ, ಬಿಲ್ ಬರೆಯುವವನೂ ನಾನೇ. ಅದೇ ದೊಡ್ಡ ಕಂಪನಿಯಲ್ಲಾದರೆ ಶಿಫ್ಟ್ ಇನ್‌ಚಾರ್ಜ್, ವಿಭಾಗದ ಮುಖ್ಯಸ್ಥ, ಘಟಕದ ಮುಖ್ಯಸ್ಥ ಎಂದು ಏಳು ಸುತ್ತಿನ ಕೋಟೆ ಇರುತ್ತದೆ. ಕನಿಷ್ಠ ಒಂದು ವರ್ಷ ಜೈಲು ಎಂದು ನೀವು ಬರೆದರೆ ಒಳಗೆ ಹೋಗುವವರು ನನ್ನಂಥವರೇ. ಶೆಡ್‌ಗೆ ಬೀಗ ಬಿದ್ದರೆ ಹದಿನೆಂಟು ಮನೆಯವರಿಗೆ ನೀವು ಸಂಬಳ ಕೊಡುತ್ತೀರಾ?

ಇನ್ನೊಂದು ಮಾತು. ಪೀಸ್‌ಗೆ ಇಷ್ಟೇ ದರ ಎಂದು ಕತ್ತು ಹಿಡಿಯುವುದೂ ಅದೇ ದೊಡ್ಡ ಕಂಪನಿ. ಅವರ ದರದಲ್ಲಿ ಸುರಕ್ಷತೆಯ ಖರ್ಚಿಗೆ ಜಾಗವೇ ಇರುವುದಿಲ್ಲ.

ಬೆಳ್ಳಕ್ಕಿ

ದರ ಸಾಲುವುದಿಲ್ಲ ಎಂದು ಬೆರಳು ಕತ್ತರಿಸಲು ಪರವಾನಗಿ ಕೊಡಬೇಕೇ?

ಶೆಡ್ ನಂಬರ್ ಒಂಬತ್ತು

ನಾನು ಹೇಳದ ಮಾತನ್ನು ನನ್ನ ಬಾಯಿಗೆ ತುರುಕಬೇಡಿ.

ಮೂರನೇ ಪಾಳಿ

ಬೆರಳಿನ ಮಾತು ಬಂದಿದ್ದರಿಂದ ಬರೆಯುತ್ತೇನೆ. ಪವರ್ ಪ್ರೆಸ್ ನೋಡದವರಿಗೆ ಮೊದಲು ವಿವರಣೆ. ಮೇಲಿನಿಂದ ಟನ್ನುಗಟ್ಟಲೆ ಒತ್ತಡದಲ್ಲಿ ರ‍್ಯಾಮ್ ಇಳಿಯುತ್ತದೆ, ಕೆಳಗಿನ ಡೈ ಮೇಲಿಟ್ಟ ತಗಡು ಆಕಾರ ಪಡೆಯುತ್ತದೆ. ಕೈ ಒಳಗಿರುವಾಗ ರ‍್ಯಾಮ್ ಇಳಿಯಬಾರದೆಂದು ಎರಡು ಬಟನ್ ಇಟ್ಟಿರುತ್ತಾರೆ. ಎರಡೂ ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಯಂತ್ರ ಓಡಬೇಕು. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಎಡಗಡೆಯ ಬಟನ್‌ಗೆ ರಬ್ಬರ್ ಹೋಸಿನ ತುಂಡು ಸಿಕ್ಕಿಸಿ ಸದಾ ಒತ್ತಿದ ಸ್ಥಿತಿಯಲ್ಲೇ ಇಡುತ್ತಿದ್ದರು. ಬಲಗೈ ಬಟನ್ ಮೇಲೆ, ಎಡಗೈ ತಗಡು ತಳ್ಳುವುದಕ್ಕೆ. ಹೀಗೆ ಮಾಡಿದರೆ ಗಂಟೆಗೆ ನೂರಿನ್ನೂರು ಪೀಸ್ ಹೆಚ್ಚು ಬರುತ್ತದೆ. ಸೂಪರ್‌ವೈಸರ್ ಕಣ್ಣೆದುರೇ ನಡೆಯುವ ಕೆಲಸ ಅದು. ರಬ್ಬರ್ ತುಂಡು ಸ್ಟೋರಿನಿಂದಲೇ ಬರುತ್ತಿತ್ತು.

ಒಂದು ರಾತ್ರಿ ಪಾಳಿಯಲ್ಲಿ ಒಬ್ಬ ಹುಡುಗನ ಎಡಗೈಯ ಎರಡು ಬೆರಳು ಹೋದವು. ಗುತ್ತಿಗೆಯವನು, ಸೇರಿ ಹೆಚ್ಚು ದಿನವಾಗಿರಲಿಲ್ಲ. ಕಾರ್ಖಾನೆ ಇಲಾಖೆಯ ಅಧಿಕಾರಿ ಬರುವಷ್ಟರಲ್ಲಿ ರಬ್ಬರ್ ತುಂಡು ಮಾಯವಾಗಿತ್ತು, ಕೆಂಪು ಅಕ್ಷರದ ಎಚ್ಚರಿಕೆ ಫಲಕ ನೇತಾಡುತ್ತಿತ್ತು, ಕೈ ಒಳಗೆ ಹೋಗದಂತೆ ಯಂತ್ರಕ್ಕೆ ಹಾಕುವ ತಡೆ, ಅಂದರೆ ಗಾರ್ಡ್‌ಗೆ ಬಳಿದ ಹಳದಿ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ವರದಿಯಲ್ಲಿ ‘ಕಾರ್ಮಿಕನ ಅಜಾಗರೂಕತೆ’ ಎಂದು ಬಂತು. ಎರಡು ವರ್ಷ ಜೈಲೋ ಇಪ್ಪತ್ತು ವರ್ಷವೋ, ಇಂಥ ವರದಿಯ ಮೇಲೆ ಯಾರಿಗೆ ಶಿಕ್ಷೆ ಆಗುತ್ತದೆ?

ತುಂಗಾತೀರ

ಹಸಿ ಬಣ್ಣವನ್ನು ಅಧಿಕಾರಿ ಮುಟ್ಟಿ ನೋಡಲಿಲ್ಲವೇ?

ಮೂರನೇ ಪಾಳಿ

ಮುಟ್ಟಿದರು. ಕೈ ಒರೆಸಿಕೊಳ್ಳಲು ಬಟ್ಟೆಯನ್ನು ನಾವೇ ಕೊಟ್ಟೆವು.

ಕರಿಕೋಟು

ವಕೀಲನಾಗಿ ಎರಡು ವಿಷಯ ಸ್ಪಷ್ಟಪಡಿಸುತ್ತೇನೆ, ಇಲ್ಲಿ ಎಲ್ಲವೂ ಕಲಸಿಹೋಗುತ್ತಿದೆ.

ಕಾರ್ಖಾನೆಯಲ್ಲಿ ಸಾವಾದರೆ ಎರಡು ಬೇರೆ ಬೇರೆ ದಾರಿಗಳು ತೆರೆಯುತ್ತವೆ. ಒಂದು, ಪೊಲೀಸರದ್ದು. ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ಹಾಕುತ್ತಾರೆ. ಹಳೆಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ಗರಿಷ್ಠ ಎರಡು ವರ್ಷ ಇತ್ತು, ದಂಡ ಮಾತ್ರ ಹಾಕಿಯೂ ಬಿಡಬಹುದಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ಐದು ವರ್ಷದವರೆಗೆ ಜೈಲು ಮತ್ತು ದಂಡ. ಅಂದರೆ ಸಾಮಾನ್ಯ ಅಪರಾಧ ಕಾನೂನು ಬಿಗಿಯಾಗಿದೆ, ಕಾರ್ಮಿಕರಿಗೆಂದೇ ಮಾಡಿದ ವಿಶೇಷ ಕಾನೂನು ಎರಡು ವರ್ಷದಲ್ಲೇ ನಿಂತಿದೆ. ಮೂಲ ಬರಹದಲ್ಲಿ ಈ ವಿಷಯ ಬರಬೇಕಿತ್ತು.

ಇನ್ನೊಂದು ದಾರಿ ಇಲಾಖೆಯದ್ದು. ಹಳೆಯ ಕಾರ್ಖಾನೆ ಕಾಯ್ದೆಯ ಪ್ರಕಾರ ಇನ್ಸ್‌ಪೆಕ್ಟರ್ ದೂರು ಕೊಡಬೇಕಿತ್ತು, ಇಲ್ಲವೇ ಅವರ ಲಿಖಿತ ಒಪ್ಪಿಗೆ ಬೇಕಿತ್ತು. ಅಪರಾಧ ಅವರ ಗಮನಕ್ಕೆ ಬಂದ ಮೂರು ತಿಂಗಳೊಳಗೆ ದೂರು ದಾಖಲಾಗಬೇಕಿತ್ತು. ಈ ಗಡುವು ಜಾರಿಹೋಗಿ ಬಿದ್ದುಹೋದ ಪ್ರಕರಣಗಳನ್ನು ಕಂಡಿದ್ದೇನೆ. ಸತ್ತವನ ಹೆಂಡತಿ ನೇರವಾಗಿ ಹೋಗಿ ಆ ಕಾಯ್ದೆಯಡಿ ಮೊಕದ್ದಮೆ ಹೂಡಲು ಬರುತ್ತಿರಲಿಲ್ಲ. ಶಿಕ್ಷೆಯ ವರ್ಷ ಎಣಿಸುವ ಮೊದಲು ಈ ಬಾಗಿಲನ್ನು ಅಗಲ ಮಾಡಿ.

ಮತ್ತೆ ಶೆಡ್ ಮಾಲೀಕರು ಹೇಳಿದ ಏಳು ಸುತ್ತಿನ ಕೋಟೆಯ ಬಗ್ಗೆ. ಕಾಗದದ ಮೇಲೆ ಆ ಕೋಟೆ ಇಲ್ಲ. ಕಂಪನಿಯಾದರೆ ನಿರ್ದೇಶಕರಲ್ಲಿ ಒಬ್ಬರನ್ನೇ ‘ಆಕ್ಯುಪೈಯರ್’, ಅಂದರೆ ಕಾರ್ಖಾನೆಯ ಮೇಲೆ ಅಂತಿಮ ಹಿಡಿತವಿರುವವರು, ಎಂದು ಪರಿಗಣಿಸಬೇಕು. ಯಾವುದೋ ನೌಕರನನ್ನು ಆ ಜಾಗಕ್ಕೆ ಕೂರಿಸಲು ಆಗುವುದಿಲ್ಲ. ಕಂಪನಿಗಳು ಇದನ್ನು ಪ್ರಶ್ನಿಸಿದ್ದವು. ಜೆ.ಕೆ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಹೊಸ ಸಂಹಿತೆಯಲ್ಲೂ ಇದೇ ಇದೆ, ಸ್ವತಂತ್ರ ನಿರ್ದೇಶಕರನ್ನು ಮಾತ್ರ ಹೊರಗಿಟ್ಟಿದ್ದಾರೆ.

ಶೆಡ್ ನಂಬರ್ ಒಂಬತ್ತು

ಕಾಗದದ ಮೇಲೆ ಎಂದು ನೀವೇ ಹೇಳಿದಿರಿ. ಎಫ್‌ಐಆರ್‌ನಲ್ಲಿ ಯಾರ ಹೆಸರು ಇರುತ್ತದೆ ಎಂಬುದನ್ನೂ ಹೇಳಿಬಿಡಿ ವಕೀಲರೇ.

ಕರಿಕೋಟು

ಸಾಮಾನ್ಯವಾಗಿ ಗುತ್ತಿಗೆದಾರ, ಸೂಪರ್‌ವೈಸರ್, ಸೈಟ್ ಎಂಜಿನಿಯರ್. ಪೊಲೀಸ್ ಠಾಣೆಯವರಿಗೆ ಅಂದು ಕೈಗೆ ಸಿಗುವವರು ಅವರೇ. ನಿರ್ದೇಶಕ ‘ಅಪಘಾತದ ದಿನ ನಾನು ಊರಲ್ಲೇ ಇರಲಿಲ್ಲ’ ಎನ್ನುತ್ತಾನೆ. ನಿರ್ಲಕ್ಷ್ಯದ ಮೊಕದ್ದಮೆಯಲ್ಲಿ ಆತನ ನೇರ ಪಾತ್ರ ಸಾಬೀತಾಗಬೇಕು, ಅಲ್ಲಿ ಜಾರಿಕೊಳ್ಳುತ್ತಾನೆ.

ಅರಳಿಕಟ್ಟೆ

ಭೋಪಾಲ್ ಬಗ್ಗೆ ಇನ್ನೂ ಯಾರೂ ಮಾತೆತ್ತಿಲ್ಲವಲ್ಲ!

1984ರ ಡಿಸೆಂಬರ್ 2ರ ಮಧ್ಯರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಅನಿಲ ಸೋರಿತು, ಸಾವಿರಾರು ಜನ ಸತ್ತರು. ಹತ್ತು ವರ್ಷದವರೆಗೆ ಜೈಲಾಗಬಹುದಾದ ಕಲಮಿನಲ್ಲಿ ಆರೋಪ ಹೊರಿಸಿದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 304ಎಗೆ ಇಳಿಸಿತು. 2010ರ ಜೂನ್ 7ರಂದು ಭೋಪಾಲದ ನ್ಯಾಯಾಲಯ ಶಿಕ್ಷೆ ಕೊಟ್ಟಿತು: ಭಾರತದ ಘಟಕದ ಏಳು ಅಧಿಕಾರಿಗಳಿಗೆ ಎರಡೆರಡು ವರ್ಷ. ಎಲ್ಲರಿಗೂ ಜಾಮೀನು ಸಿಕ್ಕಿತು. ಅಮೆರಿಕದ ಮಾತೃ ಕಂಪನಿಯ ಅಧ್ಯಕ್ಷ ವಾರೆನ್ ಆಂಡರ್ಸನ್ 2014ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯ ನ್ಯಾಯಾಲಯದ ಮುಖ ನೋಡಲಿಲ್ಲ. ಇಪ್ಪತ್ತೈದು ವರ್ಷ ಕಾದು ಸಿಕ್ಕಿದ್ದು ಇದು. ಇನ್ನು ಒಂದು ಬೆರಳು, ಒಂದು ಜೀವಕ್ಕೆ ಏನು ಬೆಲೆ?

ಕರಿಕೋಟು

ಭೋಪಾಲದ ನಂತರ ಏನೂ ಆಗಲಿಲ್ಲ ಎಂಬಂತೆ ಬರೆಯಬೇಡಿ. 1987ರ ತಿದ್ದುಪಡಿಯಲ್ಲಿ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯವೇ ಹೊಸದಾಗಿ ಸೇರಿತು. 96ಎ ಕಲಮಿನಲ್ಲಿ ಏಳು ವರ್ಷದವರೆಗೆ ಜೈಲು, ಶಿಕ್ಷೆಯಾದ ಮೇಲೂ ಉಲ್ಲಂಘನೆ ಒಂದು ವರ್ಷಕ್ಕೂ ಮೀರಿ ಮುಂದುವರಿದರೆ ಹತ್ತು ವರ್ಷದವರೆಗೆ ಎಂದಿತ್ತು. ಕಣ್ಣೆದುರು ಅಪಾಯ ಕಂಡರೆ ಅದನ್ನು ಅಧಿಕಾರಿಗಳ ಗಮನಕ್ಕೆ ತರುವ ಹಕ್ಕನ್ನು ಕಾರ್ಮಿಕರಿಗೆ ಕೊಟ್ಟದ್ದೂ ಅದೇ ತಿದ್ದುಪಡಿ.

ಅರಳಿಕಟ್ಟೆ

ಏಳು ವರ್ಷ ಯಾರಿಗೆ ಆಯಿತು, ಒಂದು ಹೆಸರು ಹೇಳಿ ನೋಡೋಣ.

ನಟ್ಟುಬೋಲ್ಟು

@ಕರಿಕೋಟು, ಉತ್ತರ ಬರಲಿ, ಕಾಯುತ್ತಿದ್ದೇವೆ.

ಕರಿಕೋಟು

ಕೇಳಬೇಕಾದ್ದು ನನ್ನನ್ನಲ್ಲ, ಇಲಾಖೆಯನ್ನು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ.

ಹಸಿರು ಹೆಲ್ಮೆಟ್

ನಾನು ಸುರಕ್ಷತಾ ಅಧಿಕಾರಿ. ಇಲ್ಲಿ ನನ್ನ ವೃತ್ತಿಯವರು ಯಾರೂ ಮಾತನಾಡದಿರುವುದು ಸಹಜ, ನೌಕರಿ ಎಲ್ಲರಿಗೂ ಬೇಕು.

ನಮ್ಮ ಸ್ಥಿತಿ ಏನೆಂದು ಕೇಳಿ. ಕೆಲಸ ನಿಲ್ಲಿಸುವ ಅಧಿಕಾರ ನೇಮಕದ ಪತ್ರದಲ್ಲಿ ಇರುತ್ತದೆ. ನಿಲ್ಲಿಸಿದರೆ ಸಂಜೆ ಉತ್ಪಾದನಾ ವಿಭಾಗದ ಮುಖ್ಯಸ್ಥರ ಮುಂದೆ ನಿಲ್ಲಬೇಕು. ಗ್ಯಾಸ್ ಪತ್ತೆ ಮಾಡುವ ಉಪಕರಣ ಕೆಟ್ಟಿದೆ, ಹೊಸದು ಬೇಕೆಂದು ಬರೆದು ಕಳುಹಿಸುತ್ತೇನೆ. ಖರೀದಿ ವಿಭಾಗ ‘ಮುಂದಿನ ತ್ರೈಮಾಸಿಕದಲ್ಲಿ ನೋಡೋಣ’ ಎಂದು ಹಿಂದಕ್ಕೆ ಕಳುಹಿಸುತ್ತದೆ. ಮಧ್ಯೆ ಅಪಘಾತವಾದರೆ ಮೊದಲ ಆರೋಪಿ ಯಾರು? ನಾನು. ಕೆಲವು ಕಡೆ ಸುರಕ್ಷತಾ ಅಧಿಕಾರಿಯನ್ನು ಇಟ್ಟುಕೊಳ್ಳುವುದೇ ಆ ದಿನಕ್ಕಾಗಿ.

ಆದ್ದರಿಂದ ಜೈಲು ಬೇಕೇ ಬೇಡವೇ ಎಂದರೆ, ಬೇಕು. ಆದರೆ ಹಣ ಮಂಜೂರು ಮಾಡುವ ಸಹಿ ಯಾರದ್ದೋ ಅವರಿಗೆ. ನನ್ನ ಕೋರಿಕೆ ಪತ್ರ, ಅದರ ಮೇಲೆ ಬಿದ್ದ ‘ತಡೆಹಿಡಿಯಿರಿ’ ಎಂಬ ಷರಾ, ದಿನಾಂಕ, ಎಲ್ಲವೂ ಕಂಪನಿಯ ಕಂಪ್ಯೂಟರಿನಲ್ಲಿ ಇರುತ್ತದೆ. ತನಿಖಾಧಿಕಾರಿ ಯಂತ್ರದ ಫೋಟೋ ತೆಗೆದುಕೊಂಡು ಹೋಗುತ್ತಾರೆ, ಆ ಕಡತ ಕೇಳುವುದಿಲ್ಲ. ಅದನ್ನು ಮಹಜರಿನ ಭಾಗವಾಗಿಸಿ ನೋಡಿ, ಯಾರ್‍ಯಾರಿಗೆ ನಿದ್ದೆ ಹಾರುತ್ತದೆ ಎಂದು.

ಮೂರನೇ ಪಾಳಿ

ಇದು ಸರಿಯಾದ ಮಾತು. ನಮ್ಮಲ್ಲೂ ಸೆನ್ಸರ್ ರಿಪೇರಿಗೆ ಫಿಟ್ಟರುಗಳು ಬರೆದುಕೊಟ್ಟ ಚೀಟಿಗಳು ಕಟ್ಟುಗಟ್ಟಲೆ ಇದ್ದವು.

ಹಸಿರು ಹೆಲ್ಮೆಟ್

ಆ ಕಟ್ಟೇ ನಿಮ್ಮ ಸಾಕ್ಷಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ.

ಇನ್ನೊಂದು ಎಚ್ಚರಿಕೆ ಇದೆ. ಶಿಕ್ಷೆ ಜಾಸ್ತಿಯಾದ ಹಾಗೆಲ್ಲ ಅಪಘಾತ ಮುಚ್ಚಿಡುವುದೂ ಜಾಸ್ತಿಯಾಗುತ್ತದೆ. 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕೆಲಸ ಮಾಡಲಾಗದಂಥ ಗಾಯವಾದರೆ ಇಲಾಖೆಗೆ ತಿಳಿಸಬೇಕೆಂದು ಹಳೆಯ ಕಾಯ್ದೆಯಲ್ಲೇ ಇತ್ತು. ಏನು ಮಾಡುತ್ತಾರೆ? ಕಾಲು ಮುರಿದವನನ್ನು ಮೂರನೇ ದಿನ ಕಾರಿನಲ್ಲಿ ಕರೆತಂದು ಕುರ್ಚಿಯಲ್ಲಿ ಕೂರಿಸಿ ಹಾಜರಿ ಹಾಕುತ್ತಾರೆ. ಆಸ್ಪತ್ರೆಯಲ್ಲಿ ‘ಸ್ಕೂಟರಿನಿಂದ ಬಿದ್ದೆ’ ಎಂದು ಬರೆಸುತ್ತಾರೆ. ಆದ್ದರಿಂದ ಅಪಘಾತಕ್ಕೆ ಎಷ್ಟು ಶಿಕ್ಷೆಯೋ ಮುಚ್ಚಿಟ್ಟದ್ದಕ್ಕೆ ಅದಕ್ಕಿಂತ ಹೆಚ್ಚು ಇರಬೇಕು.

ನಿವೃತ್ತ ಗುಮಾಸ್ತ

ಹಸಿರು ಹೆಲ್ಮೆಟ್ ಅವರೇ, ಮಾರ್ಚ್ 4ರಂದು ಸುರಕ್ಷತಾ ದಿನ ಮಾಡುತ್ತೀರಲ್ಲ, ಪ್ರತಿಜ್ಞೆ ಓದಿಸಿ ಲಡ್ಡು ಹಂಚುತ್ತಾರೆ. ಅದರಿಂದ ಏನಾದರೂ ಉಪಯೋಗ ಆಗಿದೆಯೇ?

ಹಸಿರು ಹೆಲ್ಮೆಟ್

ಲಡ್ಡು ಚೆನ್ನಾಗಿರುತ್ತದೆ.

ಬೆಳ್ಳಕ್ಕಿ

ನಮ್ಮಲ್ಲಿ ಆ ದಿನ ಘೋಷವಾಕ್ಯ ಸ್ಪರ್ಧೆ ಇರುತ್ತದೆ. ಹೋದ ವರ್ಷ ಬಹುಮಾನ ಬಂದದ್ದು ಮಾಲೀಕರ ತಂಗಿಯ ಮಗನಿಗೆ.

ತುಂಗಾತೀರ

ವಿಷಯಕ್ಕೆ ಬರೋಣ. ಕೊರಿಯಾದ ಉದಾಹರಣೆಯನ್ನು ಮೂಲ ಬರಹದಲ್ಲಿ ಅರ್ಧ ಹೇಳಿದ್ದೀರಿ. ಅಲ್ಲಿನ ಗಂಭೀರ ಅಪಘಾತ ಶಿಕ್ಷಾ ಕಾಯ್ದೆ 2022ರ ಜನವರಿ 27ರಂದು ಜಾರಿಗೆ ಬಂತು. ಸುರಕ್ಷತೆಯ ಹೊಣೆ ಪಾಲಿಸದೆ ಸಾವು ಸಂಭವಿಸಿದರೆ ಕಂಪನಿಯ ಮುಖ್ಯಸ್ಥನಿಗೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಜೈಲು, ಅಥವಾ ನೂರು ಕೋಟಿ ವಾನ್‌ವರೆಗೆ ದಂಡ. ಅಂದರೆ ದಂಡದ ದಾರಿ ಅಲ್ಲೂ ತೆರೆದೇ ಇದೆ. ಶಿಕ್ಷೆಯಾದವರಲ್ಲಿ ಬಹಳ ಮಂದಿಗೆ ಜೈಲನ್ನು ಅಮಾನತಿನಲ್ಲಿಟ್ಟು ಮನೆಗೆ ಕಳುಹಿಸಿದ್ದಾರೆ.

ಆದರೂ ಆ ಕಾಯ್ದೆಯಲ್ಲಿ ಮೆಚ್ಚಬೇಕಾದ ಒಂದು ಅಂಶವಿದೆ. ಹೊಣೆಯನ್ನು ಮೇಲಿನವನ ಹೆಗಲಿಗೇ ಹಾಕುತ್ತದೆ. ಸುರಕ್ಷತೆಗೆ ಹಣ ಮತ್ತು ಜನ ಒದಗಿಸಿದ್ದನೇ, ಅಪಾಯ ಗುರುತಿಸುವ ವ್ಯವಸ್ಥೆ ಇಟ್ಟಿದ್ದನೇ, ಹಿಂದಿನ ಅಪಘಾತದ ನಂತರ ಏನು ಮಾಡಿದ ಎಂದು ಮುಖ್ಯಸ್ಥನನ್ನೇ ಕೇಳುತ್ತದೆ. ಹಸಿರು ಹೆಲ್ಮೆಟ್ ಹೇಳಿದ ‘ಸಹಿ ಯಾರದ್ದು’ ಎಂಬ ಪ್ರಶ್ನೆ ಇದೇ. 2024ರ ಜೂನ್‌ನಲ್ಲಿ ಹ್ವಾಸೊಂಗ್ ನಗರದ ಲಿಥಿಯಂ ಬ್ಯಾಟರಿ ಕಾರ್ಖಾನೆಯ ಬೆಂಕಿಯಲ್ಲಿ 23 ಜನ ಸತ್ತರು, ಹೆಚ್ಚಿನವರು ವಲಸೆ ಕಾರ್ಮಿಕರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಕೆಳ ನ್ಯಾಯಾಲಯ ಮುಖ್ಯಸ್ಥನಿಗೆ 15 ವರ್ಷ ಜೈಲು ವಿಧಿಸಿತು. ಹದಿನೈದು ತಿಂಗಳಲ್ಲಿ ತೀರ್ಪು! ಶಿಕ್ಷೆಯ ಪ್ರಮಾಣಕ್ಕಿಂತ ಆ ವೇಗವೇ ನನಗೆ ದೊಡ್ಡದಾಗಿ ಕಂಡಿತು.

ನಟ್ಟುಬೋಲ್ಟು

ದಂಡದ ದಾರಿ ಅಲ್ಲೂ ಇದೆ ಎಂಬುದು ನನ್ನ ವಾದವನ್ನು ಬಲಪಡಿಸುತ್ತದೆ. ಅವರು ಬಿಟ್ಟ ಕಿಂಡಿಯನ್ನು ನಾವು ಮುಚ್ಚೋಣ. ಕನಿಷ್ಠ ಜೈಲು ಇಲ್ಲದಿದ್ದರೆ ಕೊರಿಯಾದಲ್ಲಾದಂತೆ ಅಮಾನತು, ಭೋಪಾಲದಂತೆ ಜಾಮೀನು, ಅಷ್ಟೇ.

ಕಡಲ ಕರೆ

ನೀವೆಲ್ಲ ಯಂತ್ರದ ಬಗ್ಗೆಯೇ ಮಾತನಾಡುತ್ತಿದ್ದೀರಿ ಮಾರಾಯರೇ. ತೊಟ್ಟಿಗೆ ಇಳಿದು ಸಾಯುವವರ ವಿಷಯ? 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಯಲ್ಲಿ ಒಬ್ಬ ಪ್ರಜ್ಞೆ ತಪ್ಪಿದ, ಅವನನ್ನು ಎತ್ತಲು ಹೋದವರೂ ಬಿದ್ದರು. ಐವರು ಸತ್ತರು, ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಇಂಥ ಸಾವುಗಳಲ್ಲಿ ಪ್ರತಿ ಸಲವೂ ಕಥೆ ಒಂದೇ: ಮೊದಲು ಇಳಿದವನು ಒಬ್ಬ, ಉಳಿದವರೆಲ್ಲ ಉಳಿಸಲು ಹೋದವರು.

ಒಳಗಿನ ಗಾಳಿಯನ್ನು ಪರೀಕ್ಷಿಸದೆ, ಹಗ್ಗ ಕಟ್ಟಿದ ಬೆಲ್ಟ್ ಹಾಕದೆ ಯಾರನ್ನೂ ಇಳಿಸಬಾರದೆಂದು ಹಳೆಯ ಕಾರ್ಖಾನೆ ಕಾಯ್ದೆಯ 36ನೇ ಕಲಮಿನಲ್ಲಿ 1948ರಿಂದಲೂ ಇತ್ತು. ಆ ಬೆಲ್ಟ್ ಮತ್ತು ಹಗ್ಗಕ್ಕೆ ಎಷ್ಟು ಖರ್ಚಾಗುತ್ತದೆ? ಗೊತ್ತಿಲ್ಲದೆ ಮಾಡಿದರು ಎನ್ನಲು ಎಪ್ಪತ್ತು ವರ್ಷದ ನಂತರವೂ ಅವಕಾಶ ಕೊಡಬೇಕೇ?

ತುಂಗಾತೀರ

ಚರಂಡಿ ಗುಂಡಿಗಳದ್ದೂ ಇದೇ ಪಾಡು. ಕೈಯಿಂದ ಮಲ ಎತ್ತಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯಲ್ಲಿ ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ ಐದು ವರ್ಷ, ಐದು ಲಕ್ಷ. ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಪರಿಹಾರವನ್ನು ಹತ್ತರಿಂದ ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರ ಏರುತ್ತಲೇ ಇದೆ, ಜೈಲಿಗೆ ಹೋದವರ ಸುದ್ದಿ ಓದಿದ ನೆನಪಿಲ್ಲ.

ಗಿರಿಜಾ ಕಲ್ಯಾಣಿ

ನಮ್ಮ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ ನಾನು. ತ್ಯಾಜ್ಯನೀರು ಶುದ್ಧೀಕರಣ ಘಟಕದ ತೊಟ್ಟಿಗೆ ಗುತ್ತಿಗೆಯವರು ಯಾರನ್ನಾದರೂ ಇಳಿಸಿದರೆ ನಾನೂ ಆರೋಪಿಯೇ? ಸಂಬಳವಿಲ್ಲದೆ ಮಾಡುವ ಕೆಲಸ ಇದು.

ಕರಿಕೋಟು

ಆಗಬಹುದು ಮೇಡಂ. ಇಂಥ ಸಾವುಗಳಲ್ಲಿ ಸಂಘದ ಪದಾಧಿಕಾರಿಗಳ ಮೇಲೂ ಪ್ರಕರಣ ದಾಖಲಾಗುತ್ತದೆ. ಸಂಬಳ ಇದೆಯೋ ಇಲ್ಲವೋ ಎಂಬುದನ್ನು ಕಾನೂನು ಕೇಳುವುದಿಲ್ಲ. ಮನುಷ್ಯರನ್ನು ಇಳಿಸುವಂತಿಲ್ಲ, ಯಂತ್ರದಿಂದಲೇ ಮಾಡಬೇಕೆಂದು ಗುತ್ತಿಗೆ ಪತ್ರದಲ್ಲಿ ಬರೆಸಿ. ಬರೆಸಿದ ಮೇಲೆ ಕೆಲಸದ ದಿನ ಕೆಳಗಿಳಿದು ಹೋಗಿ ನೋಡಿ ಕೂಡ.

ಗಿರಿಜಾ ಕಲ್ಯಾಣಿ

ಈ ಉತ್ತರವನ್ನು ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದೇನೆ. ನಾಳೆಯಿಂದ ಕಾರ್ಯದರ್ಶಿ ಹುದ್ದೆಗೆ ಯಾರೂ ಸಿಗುವುದಿಲ್ಲ.

ಶೆಡ್ ನಂಬರ್ ಒಂಬತ್ತು

ನೋಡಿದಿರಾ, ನಿಮ್ಮ ಮನೆ ಬಾಗಿಲಿಗೆ ಬಂದಾಗ ಮಾತ್ರ ಭಯ ಅರ್ಥವಾಗುತ್ತದೆ. ಅತ್ತ ಕೇಂದ್ರ ಸರ್ಕಾರವೇ 2023ರ ಜನ ವಿಶ್ವಾಸ್ ಕಾಯ್ದೆಯಲ್ಲಿ 42 ಕಾನೂನುಗಳ 183 ಕಲಮುಗಳ ಶಿಕ್ಷೆಯನ್ನು ಸಡಿಲಿಸಿತು. ಮಾತುಮಾತಿಗೂ ಜೈಲು ಎಂದರೆ ಉದ್ಯಮ ನಡೆಯುವುದಿಲ್ಲ ಎಂದು ದೆಹಲಿಗೆ ಅರ್ಥವಾಗಿದೆ, ನಿಮಗಿಲ್ಲ.

ಅರಳಿಕಟ್ಟೆ

ರಿಜಿಸ್ಟರ್ ಸರಿಯಾಗಿ ಬರೆಯದವನಿಗೆ ಜೈಲು ಬೇಡ ಎಂದರೆ ನಾನೂ ಕೈ ಎತ್ತುತ್ತೇನೆ. ಹೆಣ ಬಿದ್ದದ್ದಕ್ಕೂ ರಿಜಿಸ್ಟರಿಗೂ ಒಂದೇ ತಕ್ಕಡಿ ಹಿಡಿಯಬೇಡಿ.

ಶೆಡ್ ನಂಬರ್ ಒಂಬತ್ತು

ನಾನು ಹಿಡಿದಿಲ್ಲ. ಕಡ್ಡಾಯ ಕನಿಷ್ಠ ಶಿಕ್ಷೆ ಇಟ್ಟರೆ ನ್ಯಾಯಾಧೀಶರ ಕೈ ಕಟ್ಟಿದಂತಾಗುತ್ತದೆ ಎನ್ನುತ್ತಿದ್ದೇನೆ. ರಬ್ಬರ್ ತುಂಡು ಸಿಕ್ಕಿಸಿದವನಿಗೂ, ಗಾರ್ಡ್ ಹಾಕಿದ್ದರೂ ಕಾರ್ಮಿಕನೇ ಬಿಚ್ಚಿದ ಕಡೆಯ ಮಾಲೀಕನಿಗೂ ಒಂದೇ ವರ್ಷವೇ? ಯಾರೂ ಕಾರ್ಮಿಕನ ತಪ್ಪಿನ ಮಾತೇ ಎತ್ತುವುದಿಲ್ಲ.

ಮೂರನೇ ಪಾಳಿ

ಗಾರ್ಡ್ ಅನ್ನು ಕಾರ್ಮಿಕ ಯಾಕೆ ಬಿಚ್ಚುತ್ತಾನೆ? ಮಜಾ ತೆಗೆದುಕೊಳ್ಳಲು ಅಲ್ಲ. ಗಾರ್ಡ್ ಇದ್ದರೆ ಗುರಿ ಮುಟ್ಟುವುದಿಲ್ಲ, ಗುರಿ ಮುಟ್ಟದಿದ್ದರೆ ಓವರ್‌ಟೈಮ್ ಇಲ್ಲ, ಗುತ್ತಿಗೆಯವನಾದರೆ ಮುಂದಿನ ತಿಂಗಳು ಗೇಟ್ ಪಾಸೂ ಇಲ್ಲ. ಗುರಿ ನಿಗದಿ ಮಾಡಿದವರು ಗಾರ್ಡ್ ಲೆಕ್ಕ ಹಿಡಿದು ನಿಗದಿ ಮಾಡಲಿ.

ಕರಿಕೋಟು

ಹಳೆಯ ಕಾಯ್ದೆಯಲ್ಲಿ ಕಾರ್ಮಿಕನ ಉಲ್ಲಂಘನೆಗೂ ದಂಡ ಇತ್ತು, 500 ರೂಪಾಯಿವರೆಗೆ. ಅದರ 101ನೇ ಕಲಮಿನಲ್ಲಿ ಮಾಲೀಕನಿಗೂ ರಕ್ಷಣೆ ಇತ್ತು. ತಾನು ಎಲ್ಲ ಎಚ್ಚರಿಕೆ ವಹಿಸಿದ್ದೆ, ತನಗೆ ತಿಳಿಯದೆ, ತನ್ನ ಒಪ್ಪಿಗೆಯಿಲ್ಲದೆ ಬೇರೊಬ್ಬ ಮಾಡಿದ ಎಂದು ಸಾಬೀತುಪಡಿಸಿ ನಿಜವಾದ ತಪ್ಪಿತಸ್ಥನನ್ನು ನ್ಯಾಯಾಲಯದ ಮುಂದೆ ತಂದರೆ ಬಿಡುಗಡೆಯಾಗಬಹುದಿತ್ತು. ಶೆಡ್ ಮಾಲೀಕರು ಹೆದರುವಷ್ಟು ಕುರುಡಲ್ಲ ಕಾನೂನು.

ಅಂಕಿಸಂಕಿ

ಶಿಕ್ಷೆ ಹೆಚ್ಚಿಸುವುದೋ, ತಪಾಸಣೆ ಹೆಚ್ಚಿಸುವುದೋ ಎಂಬುದಕ್ಕೆ ಅಧ್ಯಯನಗಳಿವೆ, ಬರೀ ಕೋಪದಿಂದ ಮಾತನಾಡಬೇಕಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಲಾಟರಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿ ತಪಾಸಣೆ ಮಾಡಿದ ಕಡೆ ಗಾಯಗಳು ಶೇ 9.4ರಷ್ಟು ಕಡಿಮೆಯಾದವು ಎಂದು 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಕಂಪನಿಗಳು ನಷ್ಟಕ್ಕೆ ಬಿದ್ದ, ಜನರನ್ನು ಕೆಲಸದಿಂದ ತೆಗೆದ ಲಕ್ಷಣ ಕಾಣಲಿಲ್ಲ. ಇನ್ನೊಂದು 2020ರದ್ದು: ದೊಡ್ಡ ದಂಡ ಬಿದ್ದ ಕಂಪನಿಯ ಹೆಸರನ್ನು ಅಮೆರಿಕದ ಇಲಾಖೆ ಪತ್ರಿಕಾ ಪ್ರಕಟಣೆಯಲ್ಲಿ ಹೊರಡಿಸಿದರೆ, ಒಂದೊಂದು ಪ್ರಕಟಣೆಗೂ 210 ತಪಾಸಣೆಗಳಿಗೆ ಸಮನಾದ ಪರಿಣಾಮ ಅಕ್ಕಪಕ್ಕದ ಕಾರ್ಖಾನೆಗಳ ಮೇಲೆ ಆಗುತ್ತದೆಯಂತೆ.

ಅಂದರೆ ಸಿಕ್ಕಿಬೀಳುತ್ತೇನೆ ಎಂಬ ಭಯ, ಮರ್ಯಾದೆ ಹೋಗುತ್ತದೆ ಎಂಬ ಭಯ, ಇವೆರಡೇ ಕೆಲಸ ಮಾಡುವುದು. ಹತ್ತು ವರ್ಷದ ನಂತರ ಬರಬಹುದಾದ ಜೈಲಿಗೆ ಯಾರೂ ಹೆದರುವುದಿಲ್ಲ.

ನಟ್ಟುಬೋಲ್ಟು

ಅದೇ ಅಮೆರಿಕದಲ್ಲಿ ಉದ್ದೇಶಪೂರ್ವಕ ಉಲ್ಲಂಘನೆಯಿಂದ ಕಾರ್ಮಿಕ ಸತ್ತರೆ 1970ರ ಕಾಯ್ದೆಯಡಿ ಮೊದಲ ಸಲಕ್ಕೆ ಗರಿಷ್ಠ ಆರು ತಿಂಗಳು ಜೈಲು. ಅವರ ಪಾಠ ನಮಗೆ ಬೇಡ.

ಅಂಕಿಸಂಕಿ

ಅಲ್ಲಿ ಕಾನೂನು ದುರ್ಬಲ ಎಂದಮಾತ್ರಕ್ಕೆ ಅಲ್ಲಿಯ ಅಂಕಿಅಂಶ ಸುಳ್ಳಾಗುತ್ತದೆಯೇ? ಸರಿ, ಬ್ರಿಟನ್ ನೋಡಿ. ಅಲ್ಲಿಯ 2007ರ ಕಾರ್ಪೊರೇಟ್ ನರಹತ್ಯೆ ಕಾಯ್ದೆಯಲ್ಲಿ ಶಿಕ್ಷೆಯಾಗುವುದು ಕಂಪನಿಗೇ, ದಂಡಕ್ಕೆ ಮೇಲ್ಮಿತಿ ಇಲ್ಲ. ಮೊದಲು ಶಿಕ್ಷೆಯಾದದ್ದು ಎಂಟು ಜನರ ಪುಟ್ಟ ಕಂಪನಿಗೆ, 2011ರಲ್ಲಿ. ಮಣ್ಣು ಪರೀಕ್ಷೆಗೆ ತೋಡಿದ ಗುಂಡಿ ಕುಸಿದು ಯುವ ಭೂವಿಜ್ಞಾನಿ ಸತ್ತಿದ್ದ. ದಂಡ 3,85,000 ಪೌಂಡ್. ಕಂಪನಿ ಮುಳುಗಿದರೆ ಮುಳುಗಲಿ ಎಂದೇ ನ್ಯಾಯಾಲಯ ಹೇಳಿತು. 2016ರಿಂದ ವಹಿವಾಟಿನ ಗಾತ್ರಕ್ಕೆ ತಕ್ಕಂತೆ ದಂಡ ನಿಗದಿಯಾಗುತ್ತದೆ. ನಮ್ಮಲ್ಲಿ ಐದು ಲಕ್ಷ ಎಂದು ಬರೆಯುವ ಬದಲು ವಹಿವಾಟಿನ ಶೇಕಡಾವಾರು ಎಂದು ಬರೆದಿದ್ದರೆ?

ಶೆಡ್ ನಂಬರ್ ಒಂಬತ್ತು

ಇದನ್ನು ಒಪ್ಪುತ್ತೇನೆ. ನನ್ನ ವಹಿವಾಟಿಗೆ ನನ್ನ ದಂಡ, ಅವರ ವಹಿವಾಟಿಗೆ ಅವರದು. ಜೊತೆಗೆ, ನಮಗೆ ಕೆಲಸ ಕೊಡುವ ದೊಡ್ಡ ಕಂಪನಿಗೂ ಒಂದು ಪಾಲು ಹೊಣೆ ಹಾಕಿ.

ಹಸಿರು ಹೆಲ್ಮೆಟ್

ತಪಾಸಣೆಯ ಮಾತು ಬಂದಿದ್ದರಿಂದ: ಹೊಸ ಸಂಹಿತೆಯಲ್ಲಿ ಇನ್ಸ್‌ಪೆಕ್ಟರ್ ಈಗ ‘ಇನ್ಸ್‌ಪೆಕ್ಟರ್ ಕಮ್ ಫೆಸಿಲಿಟೇಟರ್’, ಅಂದರೆ ತಪಾಸಣೆಯ ಜೊತೆಗೆ ಸಲಹೆಯನ್ನೂ ಕೊಡುವವನು. ಯಾವ ಕಾರ್ಖಾನೆಗೆ ಯಾರು ಹೋಗಬೇಕೆಂದು ಕಂಪ್ಯೂಟರ್ ನಿರ್ಧರಿಸಬಹುದು. ಲಂಚ ತಪ್ಪಿಸಲು ಒಳ್ಳೆಯದೇ. ಆದರೆ ವಿದ್ಯುತ್ ಬಳಸುವ ಕಡೆ ಹತ್ತು ಜನರಿದ್ದರೆ ಕಾರ್ಖಾನೆ ಎನ್ನುತ್ತಿದ್ದರು, ಈಗ ಇಪ್ಪತ್ತು ಬೇಕು. ಪವರ್ ಪ್ರೆಸ್‌ಗೆ ಹತ್ತು ಜನ, ಇಪ್ಪತ್ತು ಜನ ಎಂಬ ಭೇದ ತಿಳಿಯುವುದಿಲ್ಲ.

ಅರಳಿಕಟ್ಟೆ

ಹಾಗಾದರೆ ಹದಿನೆಂಟು ಜನರ ಶೆಡ್‌ನವರು ಕಾರ್ಖಾನೆಯೇ ಅಲ್ಲ! ಇಷ್ಟು ಹೊತ್ತು ಯಾರ ಪರವಾಗಿ ವಾದಿಸಿದಿರಿ ಸ್ವಾಮಿ?

ಕರಿಕೋಟು

ನಗಬೇಡಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಎಲ್ಲ ಸಂಸ್ಥೆಗಳಿಗೂ ಸಂಹಿತೆ ಅನ್ವಯಿಸುತ್ತದೆ. ಕಾರ್ಖಾನೆಗಳಿಗೆಂದೇ ಇರುವ ನಿಯಮಗಳು ಮಾತ್ರ ತಪ್ಪುತ್ತವೆ. ಮಾಲೀಕನ ಮೂಲ ಕರ್ತವ್ಯ ಮತ್ತು ಸಾವಿನ ಶಿಕ್ಷೆ ಇವರಿಗೂ ಇದೆ. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಸತ್ತವರ ವಾರಸುದಾರರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ ಎಂಬುದನ್ನೂ ಗಮನಿಸಿ. ಮೊಕದ್ದಮೆ ನಡೆದರೆ ತಾನೇ ಅದು ಸಿಗುವುದು.

ನಟ್ಟುಬೋಲ್ಟು

ತಪಾಸಣೆ ಬೇಕು, ವಹಿವಾಟಿನ ಮೇಲೆ ದಂಡ ಬೇಕು, ಮೇಲಿನವರ ಸಹಿ ನೋಡಬೇಕು. ಎಲ್ಲಕ್ಕೂ ಹೂಂ ಎನ್ನುತ್ತೇನೆ. ಆದರೂ ಎಲ್ಲ ಸಾಬೀತಾದ ಮೇಲೆ ಕೊನೆಯಲ್ಲಿ ಜೈಲಿನ ಬಾಗಿಲು ಇರಲೇಬೇಕು, ಅದಕ್ಕೆ ಕನಿಷ್ಠ ಅವಧಿಯೂ ಇರಬೇಕು. ಇದರಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ಅಂಕಿಸಂಕಿ

ಸರಿಯಬೇಡಿ. ಅಪರಾಧ ಸಾಬೀತಾಗುವ ದಾರಿ ಮೊದಲು ಹುಡುಕಿ ಎಂದಷ್ಟೇ ನಾನು ಹೇಳುತ್ತಿರುವುದು.

ಶೆಡ್ ನಂಬರ್ ಒಂಬತ್ತು

ಜಗಳ ಆಮೇಲೆ. @ಮೂರನೇ ಪಾಳಿ, ನನ್ನಲ್ಲಿ ಎರಡು ಹಳೆಯ ಮೆಕ್ಯಾನಿಕಲ್ ಪ್ರೆಸ್‌ಗಳಿವೆ, ಪೆಡಲ್‌ನಲ್ಲಿ ಓಡುವಂಥವು. ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಲೈಟ್ ಕರ್ಟನ್ ಹಾಕಿಸಿದರೆ ಸಾಕೇ? ಮಾರುವವನು ಸಾಕು ಎನ್ನುತ್ತಿದ್ದಾನೆ.

ಮೂರನೇ ಪಾಳಿ

ಮೊದಲು ಕ್ಲಚ್ ಯಾವ ಬಗೆಯದು ನೋಡಿ. ಪಿನ್ ಕ್ಲಚ್ ಅಥವಾ ಕೀ ಕ್ಲಚ್ ಆದರೆ ಲೈಟ್ ಕರ್ಟನ್ ದುಡ್ಡು ದಂಡ. ಅಂಥ ಪ್ರೆಸ್ ಒಮ್ಮೆ ಹಿಡಿದರೆ ಸುತ್ತು ಪೂರ್ತಿಯಾಗುವವರೆಗೆ ನಿಲ್ಲುವುದೇ ಇಲ್ಲ, ಕೈ ಒಳಗಿದೆ ಎಂದು ಬೆಳಕು ಹೇಳಿದರೂ ಅರ್ಧದಲ್ಲಿ ತಡೆಯಲು ಬರುವುದಿಲ್ಲ. ಮಾರುವವನಿಗೆ ಇದು ಗೊತ್ತಿರುತ್ತದೆ. ಡೈ ಸುತ್ತ ಬೆರಳು ಹೋಗದಂತೆ ಸ್ಥಿರವಾದ ಗಾರ್ಡ್ ಹಾಕಿಸಿ, ತಗಡು ಹೋಗುವಷ್ಟೇ ಸಂದು ಬಿಡಿ, ಪೆಡಲ್ ಮೇಲೆ ಏನಾದರೂ ಬಿದ್ದು ತಾನಾಗಿ ಓಡದಂತೆ ಕವಚ ಹಾಕಿಸಿ. ಅರ್ಧದಲ್ಲೇ ನಿಲ್ಲಿಸಬಲ್ಲ ಏರ್ ಕ್ಲಚ್ ಇದ್ದರೆ ಮಾತ್ರ ಲೈಟ್ ಕರ್ಟನ್ ಮಾತು. ಕ್ಲಚ್‌ನ ಫೋಟೋ ಹಾಕಿ, ನೋಡಿ ಹೇಳುತ್ತೇನೆ.

ಶೆಡ್ ನಂಬರ್ ಒಂಬತ್ತು

ಬೆಳಗ್ಗೆ ಶೆಡ್ ತೆರೆದ ಕೂಡಲೇ ಹಾಕುತ್ತೇನೆ. ಗಾರ್ಡ್ ಇದ್ದರೆ ಗಂಟೆಗೆ ಎಷ್ಟು ಪೀಸ್ ಕಡಿಮೆಯಾಗುತ್ತದೆ ಎಂಬುದನ್ನೂ ಬರೆಯಿರಿ. ದರ ಏರಿಸಿ ಎಂದು ಕೇಳಲು ಲೆಕ್ಕ ಬೇಕು.